ಅವ್ವನ ಗಾಡಿಗೊಂದು ಕೊಕ್ಕೆ

ಏಪ್ರಿಲ್ 14, ಸೋಮವಾರ

ಲ್ಯಾಬಿನವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಇದು. ಇಲ್ಲಿಯವರೆಗೆ ಒಂದಕ್ಷರ ಬರೆದಿರಲಿಲ್ಲ. ಇವತ್ತು ಯಾರಿಗಾದರೂ ಹೇಳದಿದ್ದರೆ ತಡೆಯಲಾಗದು, ಹೇಳಿಕೊಳ್ಳುವಂಥ ಮಾತೂ ಅಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಬೆಳಿಗ್ಗೆ ಬೀದಿ ತುದಿಯಲ್ಲಿ ಬಾಬಾಸಾಹೇಬರ ಫೋಟೋಗೆ ಹಾರ ಹಾಕಿ ಭಾಷಣ ನಡೆಯುತ್ತಿತ್ತು. ಯಡಿಯೂರಿನ ನಮ್ಮ ಬೀದಿಯವರೆಲ್ಲ ಅಲ್ಲೇ ಇದ್ದರು. ಅವ್ವನನ್ನು ಹಳೆಯ ವೀಲ್‌ಚೇರಿನಲ್ಲಿ ತಳ್ಳಿಕೊಂಡು ಹೋಗಿ ನೆರಳಲ್ಲಿ ನಿಲ್ಲಿಸಿದ್ದೆ. ಅಷ್ಟರಲ್ಲಿ ತಮ್ಮ ಯುವರಾಜ ಜೆ.ಪಿ. ನಗರದಿಂದ ತನ್ನ ದೊಡ್ಡ ಕಾರಿನಲ್ಲಿ ಬಂದ, ಹೆಂಡತಿ ಐಶ್ವರ್ಯಳ ಜೊತೆ. ಡಿಕ್ಕಿಯಿಂದ ಇಬ್ಬರು ಸೇರಿ ಇಳಿಸಿದ್ದು ಒಂದು ಬ್ಯಾಟರಿ ವೀಲ್‌ಚೇರ್. ದಪ್ಪ ಚಕ್ರ, ಕಪ್ಪು ಸೀಟು, ಬಲಗೈ ಹತ್ತಿರ ಸಣ್ಣದೊಂದು ಕಡ್ಡಿ. ಅದನ್ನು ಯಾವ ಕಡೆ ಒತ್ತುತ್ತೇವೋ ಗಾಡಿ ಆ ಕಡೆ ಹೋಗುತ್ತದೆ. ಅವ್ವ ಕಲಿಯಲು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ಭಾಷಣ ಮಾಡುತ್ತಿದ್ದವರೂ ಮಾತು ನಿಲ್ಲಿಸಿ ನೋಡುತ್ತಿರುವಂತೆ ಬೀದಿಯ ಆ ತುದಿಯವರೆಗೆ ಹೋಗಿ, ತಾನೇ ತಿರುಗಿಸಿಕೊಂಡು ಬಂದಳು. ಚಪ್ಪಾಳೆ ಬಿತ್ತು. ಪಕ್ಕದ ಮನೆಯ ಮರಿಯಮ್ಮ, "ಮಗ ಅಂದ್ರೆ ಹಿಂಗಿರ್ಬೇಕು ಕಣವ್ವ" ಎಂದು ಕಣ್ಣೊರೆಸಿಕೊಂಡಳು.

ಬೆನ್ನಿನ ಆಪರೇಷನ್ ಆಗಿ ಅವ್ವನ ಕಾಲು ಸ್ವಾಧೀನ ತಪ್ಪಿ ಆರು ವರ್ಷವಾಯಿತು. ಅಷ್ಟೂ ವರ್ಷ ತಳ್ಳಿದವಳು ನಾನು. ಒಂದು ದಿನವೂ ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟಲಿ ಎಂದು ತಳ್ಳಿದ್ದೂ ಅಲ್ಲ. ಆದರೂ.

ಮಧ್ಯಾಹ್ನ ಪಾಯಸ ಮಾಡಿದೆ, ತಳ ಹಿಡಿಯಿತು. ಯುವರಾಜ ಮುಖ ಸಿಂಡರಿಸದೆ ಎರಡು ಸಲ ಹಾಕಿಸಿಕೊಂಡ. ಅದೂ ಸಿಟ್ಟು ತರಿಸಿತು.

ಏಪ್ರಿಲ್ 17, ಗುರುವಾರ

ಲ್ಯಾಬಿನಿಂದ ಬಂದರೆ ಮನೆಗೆ ಬೀಗ. ಮರಿಯಮ್ಮ ಬೀಗದ ಕೈ ಕೊಟ್ಟು, "ಕೆರೆ ಕಡೆ ಹೋಗವ್ಳೆ, ಒಬ್ಳೇ" ಎಂದಳು, ಏನೋ ಶುಭ ಸಮಾಚಾರ ಹೇಳುವವಳಂತೆ.

ಓಡಿಹೋದೆ. ಕೆರೆಯ ಗೇಟಿನ ಒಳಗೆ ಹೊಂಗೆ ಮರದಡಿ ಅವ್ವ ನಾಲ್ಕೈದು ಹೆಂಗಸರ ನಡುವೆ ಕೂತು ನಗುತ್ತಿದ್ದಳು. ಅವರ್ಯಾರೂ ನನಗೆ ಗೊತ್ತಿಲ್ಲ. ಅವ್ವ ನನ್ನನ್ನು ನೋಡಿ, "ಯಾಕ್ ಬಂದೆ? ದಣಿದಿರ್ತೀಯ, ಹೋಗಿ ಮಲ್ಕೋ" ಎಂದಳು.

ದಿನಾ ಸಂಜೆ ಅವಳನ್ನು ಕೆರೆಗೆ ತಳ್ಳಿಕೊಂಡು ಬರುತ್ತಿದ್ದುದು ನಾನು. ಕಾಂಪೌಂಡರು ಏನಂದ, ಯಾರ ರಕ್ತದ ರಿಪೋರ್ಟು ಅದಲುಬದಲಾಯಿತು ಎಂದೆಲ್ಲ ದಾರಿಯುದ್ದಕ್ಕೂ ಹೇಳುತ್ತಿದ್ದೆ. ಇವತ್ತು ಮನೆಗೆ ಹೋಗಿ ಮಲಗಿದೆ. ನಿದ್ದೆ ಬರಲಿಲ್ಲ. ಬಾಗಿಲ ಹಿಂದೆ ಹಳೆಯ ವೀಲ್‌ಚೇರು ಮಡಿಚಿಕೊಂಡು ನಿಂತಿದೆ. ಅದನ್ನು ಯಾರಿಗಾದರೂ ಕೊಟ್ಟುಬಿಡೋಣ ಎಂದು ಅವ್ವ ಅಂದಾಗ ಬೇಡ ಎಂದೆ.

ಏಪ್ರಿಲ್ 27, ಭಾನುವಾರ

ಅವ್ವನಿಗೆ ತಂಗಿಯನ್ನು ನೋಡುವ ಆಸೆ. ನಮ್ಮ ಚಿಕ್ಕಮ್ಮ ಮಾರಮ್ಮ ಇಟ್ಟಮಡುವಿನಲ್ಲಿ ಒಬ್ಬಳೇ ಇರುತ್ತಾಳೆ. ಹಿಂದೆ ಹಳೆಯ ಚೇರನ್ನು ಮಡಿಚಿ ನನ್ನ ಪುಟ್ಟ ಕಾರಿನಲ್ಲಿ ಹಾಕಿಕೊಂಡು ಹೋಗುತ್ತಿದ್ದೆವು. ಹೊಸ ಗಾಡಿ ಮಡಿಚುವುದಿಲ್ಲ, ನನ್ನ ಕಾರಿನ ಯಾವ ಬಾಗಿಲಿಗೂ ತೂರುವುದಿಲ್ಲ. ಅವ್ವನಿಗೆ ಹಳೆಯದು ಬೇಡವೇ ಬೇಡ.

"ಅದ್ರಲ್ಲಿ ಕೂತ್ರೆ ಕಾಯಿಲೆಯವಳ ಥರ ಅನ್ಸುತ್ತೆ ಕಣೆ."

ಯುವರಾಜ ಬಂದ. ಅವನ ಡಿಕ್ಕಿಯಲ್ಲಿ ಗಾಡಿ ಆರಾಮವಾಗಿ ಕೂತಿತು. ನಾನು ತಲೆನೋವು ಎಂದು ಹೋಗಲಿಲ್ಲ. ಕತ್ತಲಾಗುವಷ್ಟರಲ್ಲಿ ವಾಪಸ್ಸು ಬಂದರು. ಅವ್ವನ ತಲೆಯಲ್ಲಿ ಚಿಕ್ಕಮ್ಮ ಮುಡಿಸಿದ ಕನಕಾಂಬರ. ಕಾಫಿ ಕುಡಿಯುತ್ತಾ ಯುವರಾಜ ಶುರುಮಾಡಿದ.

"ಅಕ್ಕಾ, ಅವ್ವ ನಮ್ಮನೇಲೇ ಇರ್ಲಿ. ಲಿಫ್ಟ್ ಇದೆ, ಮೆಟ್ಟಿಲ ತಾಪತ್ರಯ ಇಲ್ಲ. ಎಲ್ಲಿಗ್ ಹೋಗ್ಬೇಕಂದ್ರೂ ನನ್ ಕಾರಲ್ಲಿ ಗಾಡಿ ಹಿಡಿಯುತ್ತೆ. ನಿಂಗೂ ಸ್ವಲ್ಪ ರೆಸ್ಟು."

"ನಂಗೆ ರೆಸ್ಟ್ ಬೇಕು ಅಂತ ಯಾರಂದ್ರು?"

"ಹಂಗಲ್ಲ ಅಕ್ಕಾ..."

ನಾನು ಅವ್ವನ ಮುಖ ನೋಡಿದೆ. "ಇಲ್ಲಪ್ಪ, ನಾನು ಕಲ್ಯಾಣೀನ ಬಿಟ್ಟು ಎಲ್ಲಿಗೂ ಬರಲ್ಲ" ಎನ್ನುತ್ತಾಳೆಂದು ಕಾದೆ. ಅವ್ವ ಲೋಟ ಕೆಳಗಿಟ್ಟು, "ನೋಡಣ" ಎಂದಳು.

ನೋಡಣ.

ಏಪ್ರಿಲ್ 28, ಸೋಮವಾರ

ಊಟದ ವೇಳೆಯಲ್ಲಿ ಫೋನಿನಲ್ಲಿ ನೋಡಿದೆ. ಕಾರಿನ ಹಿಂಬದಿಗೆ ಒಂದು ಕೊಕ್ಕೆ ಹಾಕಿಸಬಹುದು, ಹಿಚ್ ಅನ್ನುತ್ತಾರೆ. ಅದಕ್ಕೆ ಎರಡು ಚಕ್ರದ ಪುಟ್ಟ ಟ್ರೇಲರ್ ಸಿಕ್ಕಿಸಿ ಬೈಕು, ದೋಣಿ ಏನು ಬೇಕಾದರೂ ಎಳೆದುಕೊಂಡು ಹೋಗುತ್ತಾರೆ. ನನ್ನ ಕಾರಿಗಿಂತ ಚಿಕ್ಕ ಕಾರೊಂದು ಯಾವುದೋ ದೇಶದಲ್ಲಿ ಕುರಿಮರಿಗಳನ್ನು ಎಳೆದುಕೊಂಡು ಹೋಗುತ್ತಿತ್ತು. ಕುರಿ ಎಳೆಯುವುದಾದರೆ ಅವ್ವನ ಗಾಡಿ ಎಳೆಯದೇ?

ಯುವರಾಜನ ಕಾರೊಂದೇ ಕಾರಲ್ಲ.

ಮೇ 3, ಶನಿವಾರ

ಸಾರಕ್ಕಿಯ ಹತ್ತಿರ ಬಸವಪ್ರಸಾದ್ ಎನ್ನುವವರ ಕಾರ್ ಆಕ್ಸೆಸರೀಸ್ ಅಂಗಡಿಗೆ ಹೋದೆ. ಮಾತುಗಾರ ಮನುಷ್ಯ.

"ಏನ್ ಎಳೀಬೇಕು ಮೇಡಂ? ಬೈಕಾ?"

"ವೀಲ್‌ಚೇರ್. ಬ್ಯಾಟರೀದು. ನಮ್ಮ ತಾಯೀದು."

"ಈ ಕಾರಿಗಾ?" ಎಂದು ನನ್ನ ಕಾರನ್ನು ಒಂದು ಸುತ್ತು ಹಾಕಿದರು. ಮೊದಲು ತೋರಿಸಿದ್ದು ಬಂಪರಿಗೆ ಹಾಕುವ ಥಳಥಳ ಹೊಳೆಯುವ ಕೊಕ್ಕೆ. "ಸಖತ್ತಾಗಿ ಕಾಣುತ್ತೆ ಮೇಡಂ."

"ಎಳೆಯುತ್ತಾ?"

"ಇಲ್ಲ, ಎಳೆಯೋಕಲ್ಲ. ಲುಕ್ಕಿಗೆ."

ಎರಡನೆಯದು ಕಾರಿನ ಹಿಂದೆ ಹಲಗೆಯ ಹಾಗೆ ಚಾಚಿಕೊಳ್ಳುವಂಥದ್ದು. ಗಾಡಿಯನ್ನು ಅದರ ಮೇಲೆ ನಿಲ್ಲಿಸಿಬಿಡಬಹುದು, ಟ್ರೇಲರೇ ಬೇಡ. ನನಗೆ ಇದು ಹಿಡಿಸಿತು. ಆದರೆ ಗಾಡಿಯ ತೂಕ ಹೇಳಿದಾಗ ಅವರು ತಾವೇ ನನ್ನ ಡಿಕ್ಕಿಯ ಅಂಚಿನ ಮೇಲೆ ಹತ್ತಿ ನಿಂತರು. ಕಾರಿನ ಬಾಲ ಕುಸಿದು ಮೂತಿ ಮೇಲಕ್ಕೆದ್ದಿತು. ಅಷ್ಟು ಭಾರ ಬಾಲಕ್ಕೆ ಬಿದ್ದರೆ ಮುಂದಿನ ಚಕ್ರಕ್ಕೆ ಹಿಡಿತ ಇರುವುದಿಲ್ಲ ಎಂದರು. ಅದನ್ನು ಬಿಟ್ಟೆ.

ಉಳಿದದ್ದು ಮೂರನೆಯದು. ಕಾರಿನ ಅಡಿಯಲ್ಲಿ ಎರಡೂ ಪಕ್ಕದ ಚೌಕಟ್ಟಿಗೆ ಬೋಲ್ಟು ಹಾಕಿ ಕೂರಿಸುವ ಕಬ್ಬಿಣದ ಪಟ್ಟಿ, ಅದರ ನಡುವಿನಿಂದ ಹೊರಗೆ ಚಾಚಿದ ಒಂದು ಗುಂಡು. ಟ್ರೇಲರಿನ ಮೂತಿ ಆ ಗುಂಡಿನ ಮೇಲೆ ಕೂರುತ್ತದೆ. ಭಾರವೆಲ್ಲ ಟ್ರೇಲರಿನ ಚಕ್ರದ ಮೇಲೆ. ನನ್ನ ಕಾರಿನ ಅಳತೆಯದು ಬರುತ್ತದೋ ಇಲ್ಲವೋ ಅವರಿಗೂ ಗೊತ್ತಿರಲಿಲ್ಲ. ಯಾರಿಗೋ ಫೋನ್ ಮಾಡಿ, ತರಿಸಬಹುದು ಎಂದರು.

"ಇದು ನನ್ ತಮ್ಮನ ಕಾರಿಗೂ ಕೂರುತ್ತಾ?"

"ಇಲ್ಲ ಮೇಡಂ. ಒಂದೊಂದು ಕಾರಿಗೂ ಅಳತೆ ಬೇರೆ."

ಮನಸ್ಸಿಗೆ ತಂಪಾಯಿತು.

"ಟ್ರೇಲರ್ ಮಾತ್ರ ಯಾವ ಕಾರಿಗ್ ಬೇಕಾದ್ರೂ ಸಿಕ್ಕಿಸ್ಬೋದು. ಗುಂಡು ಸೈಜು ಒಂದೇ ಅಲ್ವಾ."

"ಬೇರೆ ಸೈಜಿನ ಗುಂಡು ಸಿಗಲ್ವಾ?"

"ಯಾಕ್ ಮೇಡಂ?"

ಏನೆಂದು ಹೇಳಲಿ? "ಸುಮ್ನೆ ಕೇಳ್ದೆ" ಎಂದೆ.

ಮೇ 6, ಮಂಗಳವಾರ

ಅವ್ವ ಫೋನಿನಲ್ಲಿ ಯುವರಾಜನಿಗೆ ಹೇಳುತ್ತಿದ್ದಳು: ಕೆರೆಯ ಹತ್ತಿರ ನೀಲಿ ಹಕ್ಕಿ ನೋಡಿದೆ, ಗಾಡಿಯಲ್ಲಿ ಕೂತೇ ಸೊಪ್ಪು ತಂದೆ, ಸೊಪ್ಪಿನವಳು ನನ್ನನ್ನು ಅಕ್ಕ ಅನ್ನುತ್ತಾಳೆ. ಸೊಪ್ಪು ಬಿಡಿಸುತ್ತಾ ಕೂತಿದ್ದ ನನಗೆ ಇದ್ಯಾವುದೂ ಗೊತ್ತಿರಲಿಲ್ಲ.

ಮೇ 8, ಗುರುವಾರ

ಮಲಗುವ ಮುಂಚೆ ಅವ್ವ, "ಗಾಡಿ ಚಾರ್ಜಿಗೆ ಹಾಕ್ದಾ?" ಎಂದು ಕೇಳಿದಳು. ಹಾಕಿದೆ ಎಂದೆ. ಆಮೇಲೆ ನೀರು ಕುಡಿಯಲು ಎದ್ದಾಗ ನೋಡಿದೆ, ಪ್ಲಗ್ಗು ಸರಿಯಾಗಿ ಕೂತಿರಲಿಲ್ಲ, ಸಣ್ಣ ಕೆಂಪು ದೀಪ ಉರಿಯುತ್ತಿರಲಿಲ್ಲ. ಬಗ್ಗಿ ಒತ್ತಿದ್ದರೆ ಆಗುತ್ತಿತ್ತು. ನೋಡಿ ಬಂದು ಮಲಗಿದೆ.

ಮೇ 9, ಶುಕ್ರವಾರ

ಗಾಡಿ ಕೆರೆಯ ಆಚೆ ದಡದಲ್ಲಿ ನಿಂತುಹೋಯಿತು. ನೆತ್ತಿ ಮೇಲೆ ಬಿಸಿಲು. ಅವ್ವ ನನಗೆ ಫೋನ್ ಮಾಡುತ್ತಾಳೆ, ನಾನು ಲ್ಯಾಬಿನಿಂದ ಓಡಿಹೋಗಿ ತಳ್ಳಿಕೊಂಡು ಬರುತ್ತೇನೆ. ಹೀಗೆ ಆಗಬೇಕೆಂದು ನಾನು ಅಂದುಕೊಂಡಿದ್ದೆನೆ? ಅಂದುಕೊಂಡಿದ್ದೆ. ಬರೆಯುವಾಗಲಾದರೂ ಸುಳ್ಳು ಯಾಕೆ?

ಅವ್ವ ಫೋನ್ ಮಾಡಿದ್ದು ಯುವರಾಜನಿಗೆ. ಅವನು ಆಫೀಸು ಬಿಟ್ಟು ಬಂದು, ಆ ಭಾರದ ಗಾಡಿಯನ್ನು ಬೀದಿಯವರೆಲ್ಲ ನೋಡುತ್ತಿರುವಂತೆ ತಳ್ಳಿಕೊಂಡು ಬಂದ. ನಾನು ಬಂದಾಗ ಶರ್ಟು ಒದ್ದೆ ಮಾಡಿಕೊಂಡು ಜಗಲಿಯ ಮೇಲೆ ಕೂತಿದ್ದ. ಮರಿಯಮ್ಮ ಅವನಿಗೆ ಮಜ್ಜಿಗೆ ಕೊಡುತ್ತಿದ್ದಳು.

"ಪ್ಲಗ್ ಲೂಸಾಗಿತ್ತೇನೋ ಅಕ್ಕಾ" ಎಂದನೇ ಹೊರತು ಬೇರೇನೂ ಅನ್ನಲಿಲ್ಲ.

ಅವ್ವನ ಮುಖ ಬಿಸಿಲಿಗೆ ಕಪ್ಪಾಗಿತ್ತು. ಊಟ ಹಾಕುವಾಗ ತಟ್ಟೆ ನೋಡಿಕೊಂಡೇ ಹೇಳಿದಳು: "ಇನ್ಮೇಲೆ ಆ ಸ್ವಿಚ್ಚು ನಾನೇ ಹಾಕ್ಕೋತೀನಿ. ನೀನು ತಲೆ ಕೆಡಿಸ್ಕೋಬೇಡ."

ಅವಳಿಗೆ ಗೊತ್ತು.

ಮೇ 12, ಸೋಮವಾರ

ಬುದ್ಧ ಪೂರ್ಣಿಮೆ. ಯುವರಾಜನ ಕಾರಿನಲ್ಲಿ ಎಲ್ಲರೂ ಬುದ್ಧ ವಿಹಾರಕ್ಕೆ ಹೋದೆವು. ಅಲ್ಲಿನ ಭಿಕ್ಷು, ಭಂತೇಜಿ, ಬೇಸಿಗೆಯಲ್ಲಿ ಬೀದಿಯ ಗಿಡಗಳಿಗೆ ನೀರು ಹಾಕುವುದರ ಬಗ್ಗೆ ಮಾತಾಡಿದರು. ಹೊಟ್ಟೆಕಿಚ್ಚಿನ ಬಗ್ಗೆ ಮಾತಾಡಿದ್ದರೆ ನಾನು ಎದ್ದು ಬರುತ್ತಿದ್ದೆ.

ಐಶ್ವರ್ಯ ನನ್ನ ಕೈ ಹಿಡಿದು, "ಅಕ್ಕಾ, ನೀವು ಸೊರಗಿದೀರ" ಎಂದಳು. ಒಳ್ಳೆಯ ಹುಡುಗಿ. ಅವಳ ಒಳ್ಳೆಯತನವೂ ಇವತ್ತು ನನಗೆ ಹೊರೆಯೇ ಆಯಿತು. ಅವರ ಮನೆಯಲ್ಲಿ ಅವ್ವನಿಗೆಂದು ಕೋಣೆ ಸಿದ್ಧವಾಗಿದೆಯಂತೆ. ಪರದೆ ಯಾವ ಬಣ್ಣದ್ದು ಬೇಕು ಎಂದು ಅವ್ವನನ್ನು ಕೇಳುತ್ತಿದ್ದಳು. ಅವ್ವ ಹಸಿರು ಎಂದಳು.

ಮೇ 17, ಶನಿವಾರ

ಕೊಕ್ಕೆ ಬಂದಿದೆ. ಅದರಲ್ಲಿ ಎರಡು ಥರ. ಒಂದರಲ್ಲಿ ಗುಂಡನ್ನು ಬೇಕೆಂದಾಗ ಕಳಚಿ ಡಿಕ್ಕಿಯಲ್ಲಿ ಇಟ್ಟುಕೊಳ್ಳಬಹುದು. ಇನ್ನೊಂದರಲ್ಲಿ ಗುಂಡು ಅಲ್ಲೇ ಖಾಯಂ.

"ಕಳಚೋದೇ ತಗೊಳ್ಳಿ ಮೇಡಂ. ಪಾರ್ಕಿಂಗಲ್ಲಿ ಯಾರ ಮೊಣಕಾಲಿಗಾದ್ರೂ ಬಡಿಯುತ್ತೆ."

"ಖಾಯಂದೇ ಹಾಕಿ."

"ದಿನಾ ಎಳೀತೀರಾ?"

"ದಿನಾ ಎಳೀತೀನೋ ಇಲ್ವೋ. ದಿನಾ ಅಲ್ಲಿರ್ಬೇಕು."

ಯುವರಾಜ ನಮ್ಮ ಬೀದಿಗೆ ತಿರುಗುತ್ತಿದ್ದಂತೆಯೇ ಕಣ್ಣಿಗೆ ಬೀಳಬೇಕು. ನನ್ನ ಲೆಕ್ಕ ಇಷ್ಟೇ. ಕಾರನ್ನು ಮೇಲೆತ್ತಿ ಬೋಲ್ಟು ಬಿಗಿಯುವವರೆಗೂ ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದೆ. ಮುಗಿದ ಮೇಲೆ ಬಸವಪ್ರಸಾದ್ ಗುಂಡಿನ ಮೇಲೆ ಕಾಲಿಟ್ಟು ಕುಣಿದು ತೋರಿಸಿದರು, ಅಲ್ಲಾಡಲಿಲ್ಲ. ಟ್ರೇಲರ್ ಕೂಡ ಅವರೇ ನೋಡಿಕೊಟ್ಟರು. ಬೈಕ್ ರೇಸಿಗೆ ಹೋಗುತ್ತಿದ್ದವರೊಬ್ಬರು ಇಟ್ಟುಕೊಂಡಿದ್ದ ಹಳೆಯದು. ಅದಕ್ಕೂ ಬೇರೆ ನಂಬರು ಇರುತ್ತದಂತೆ, ಕಾಗದ ನನ್ನ ಹೆಸರಿಗೆ ಆದಮೇಲೆ ತಂದುಕೊಡುತ್ತಾರೆ.

ಮನೆಗೆ ಬರುವಾಗ ಕನ್ನಡಿಯಲ್ಲಿ ಹಿಂದೆ ನೋಡುತ್ತಲೇ ಇದ್ದೆ. ಕಾಣುವುದಿಲ್ಲ, ಆದರೂ.

ಮೇ 25, ಭಾನುವಾರ

ಟ್ರೇಲರ್ ಬಂತು. ಇಳಿಜಾರು ಹಲಗೆಯೂ ಇದೆ, ಗಾಡಿ ಅದರ ಮೇಲೆ ತಾನೇ ಹತ್ತುತ್ತದೆ. ಬೀದಿಯವರು ಬಂದು ನೋಡಿದರು. ಮರಿಯಮ್ಮ, "ಏನವ್ವ, ಇಟ್ಟಿಗೆ ಹೊಡೀತೀಯಾ?" ಎಂದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ನಮ್ಮ ಬೀದಿ ಇಕ್ಕಟ್ಟು. ಹಿಂದಕ್ಕೆ ತೆಗೆದುಕೊಂಡು ಗೇಟಿನೊಳಗೆ ನಿಲ್ಲಿಸಬೇಕು. ಎಡಕ್ಕೆ ತಿರುಗಿಸಿದರೆ ಟ್ರೇಲರ್ ಬಲಕ್ಕೆ ಹೋಗುತ್ತದೆ, ಬಲಕ್ಕೆಂದರೆ ಎಡಕ್ಕೆ. ಒಂದು ಸಲ ಮರಿಯಮ್ಮನ ತುಳಸಿ ಕುಂಡಕ್ಕೆ ತಾಗಿತು. ಆಗಲೇ ಯುವರಾಜ ಬಂದ.

ಅವನ ಮುಖ ಸಣ್ಣಗಾಗುತ್ತದೆಂದು ಕಾದಿದ್ದೆ. ಅವನು ಕೂತು ಕೊಕ್ಕೆಯನ್ನು ಮುಟ್ಟಿ, ಗುಂಡನ್ನು ಬಗ್ಗಿ ನೋಡಿ, "ಸಖತ್ತಾಗಿದೆ ಅಕ್ಕಾ. ಎಲ್ಲಿ ಹಾಕಿಸ್ದೆ? ಗುಂಡು ಯಾವ ಸೈಜು?" ಎಂದ. ಅಂಗಡಿ ಹೆಸರು ಮರೆತುಹೋಯಿತು ಎಂದೆ.

"ಕೊಡಿಲ್ಲಿ, ನಾನ್ ಹಾಕ್ತೀನಿ ರಿವರ್ಸು" ಎಂದು ಕೂತ. ಅವ್ವ ಹಿಂದೆ ಗಾಡಿಯಲ್ಲಿ ಕೂತು, "ಬಾ, ಬಾ, ಎಡಕ್ಕೆ, ಅಯ್ಯೋ ಆ ಎಡಕ್ಕಲ್ಲ" ಎನ್ನುತ್ತಿದ್ದಳು. ನಾಲ್ಕು ಸಲ ಪ್ರಯತ್ನಿಸಿದ. ಅವನಿಂದಲೂ ಆಗಲಿಲ್ಲ. ಕೊನೆಗೆ ಟ್ರೇಲರನ್ನು ಕಳಚಿ ಕೈಯಲ್ಲಿ ತಳ್ಳಿ ಒಳಗಿಟ್ಟೆವು.

ರಾತ್ರಿ ಊಟ ರುಚಿಸಿತು.

ಜೂನ್ 1, ಭಾನುವಾರ

ಬೆಳಿಗ್ಗೆ ಬೇಗ ಬನಶಂಕರಿ ಕಡೆಯ ಒಂದು ಆಟದ ಮೈದಾನಕ್ಕೆ ಟ್ರೇಲರ್ ಕಟ್ಟಿಕೊಂಡು ಹೋದೆ. ಅವ್ವ ಜೊತೆಗೆ ಬಂದಳು. ಅವಳನ್ನು ಎತ್ತಿ ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿದ ಮೇಲೆ ಅವಳ ಗಾಡಿಯನ್ನು ಹಲಗೆಯ ಮೇಲೆ ಹತ್ತಿಸಿದ್ದು ನಾನು. ಆ ಕಡ್ಡಿಯನ್ನು ಮೊದಲ ಸಲ ಮುಟ್ಟಿದೆ. ಬೆರಳು ಸ್ವಲ್ಪ ತಾಗಿಸಿದರೆ ಸಾಕು, ಅಷ್ಟು ಭಾರದ್ದು ತಾನಾಗಿ ಹೋಗುತ್ತದೆ. ನನ್ನ ಭುಜ ಅದನ್ನು ನಂಬಲಿಲ್ಲ, ತಳ್ಳಲು ಸಿದ್ಧವಾಗಿ ನಿಂತಿತ್ತು.

ರಿವರ್ಸ್ ಹಾಕುವಾಗ ಸ್ಟೇರಿಂಗಿನ ಕೆಳಭಾಗ ಹಿಡಿದುಕೊಂಡು, ಟ್ರೇಲರ್ ಯಾವ ಕಡೆ ಹೋಗಬೇಕೋ ಕೈಯನ್ನು ಆ ಕಡೆ ಸರಿಸಬೇಕು. ಸ್ವಲ್ಪವೇ ಸರಿಸಬೇಕು, ಅವಸರ ಮಾಡಬಾರದು. ಕ್ರಿಕೆಟ್ ಆಡಲು ಬಂದವರು ಕಾಯುತ್ತಾ ನಿಂತರು. ಅವ್ವ ಅವರಿಗೆ, "ಇನ್ನೊಂದ್ ಸಲ ಕಣ್ರಪ್ಪ, ಕಲೀತಾವ್ಳೆ" ಎಂದು ಸಮಾಧಾನ ಹೇಳುತ್ತಿದ್ದಳು. ಕೊನೆಗೆ ಎರಡು ಕಲ್ಲುಗಳ ನಡುವೆ ನೆಟ್ಟಗೆ ಹೋಗಿ ನಿಂತಿತು. ಅವರಲ್ಲೊಬ್ಬ ಶಿಳ್ಳೆ ಹಾಕಿದ.

ಮೈದಾನದಲ್ಲಿ ಇದ್ದಷ್ಟು ಹೊತ್ತು ಯುವರಾಜನ ನೆನಪು ಬಂದಿರಲಿಲ್ಲ. ಮನೆಗೆ ಬಂದಮೇಲೆ ಬಂತು.

ಜೂನ್ 8, ಭಾನುವಾರ

ಇಟ್ಟಮಡುವಿಗೆ ಹೋದೆವು. ನನ್ನ ಕಾರು, ನನ್ನ ಟ್ರೇಲರ್. ಯುವರಾಜನಿಗೆ ಹೇಳಲಿಲ್ಲ.

ಮೆಲ್ಲಗೆ ಹೋಗುತ್ತಿದ್ದೆ. ಹಿಂದಿನವರೆಲ್ಲ ಹಾರ್ನ್ ಹೊಡೆದರು. ಸಿಗ್ನಲಿನಲ್ಲಿ ಆಟೋದವರೊಬ್ಬರು ಪಕ್ಕಕ್ಕೆ ಬಂದು ಟ್ರೇಲರನ್ನೂ ಅವ್ವನನ್ನೂ ನೋಡಿ, "ಅಮ್ಮಾ, ನಿಮ್ ಸಿಂಹಾಸನಾನಾ ಅದು?" ಎಂದರು. ಅವ್ವ, "ಹೌದಪ್ಪ" ಎಂದಳು ಗಂಭೀರವಾಗಿ. ಇಟ್ಟಮಡುವಿನ ಏರಿನಲ್ಲಿ ಕಾರು ಏದುಸಿರು ಬಿಟ್ಟಿತು. ಮೊದಲನೇ ಗೇರಿನಲ್ಲೇ ಹತ್ತಿಸಿದೆ. ಹಿಂದಕ್ಕೆ ಜಾರುತ್ತದೇನೋ ಎಂಬ ಭಯಕ್ಕೆ ಬೆನ್ನು ಬೆವರಿತು. ಜಾರಲಿಲ್ಲ.

ಅವ್ವ ಪಕ್ಕದ ಸೀಟಿನಲ್ಲಿ ಕೂತು ನನ್ನನ್ನೇ ನೋಡುತ್ತಿದ್ದಳು.

"ಏನವ್ವ?"

"ಏನಿಲ್ಲ. ನಿನ್ ಕಿವಿ ಹತ್ರ ಕೂದ್ಲೆಲ್ಲ ಬೆಳ್ಳಗಾಗಿದೆ. ನಂಗ್ ಗೊತ್ತೇ ಇರ್ಲಿಲ್ಲ."

"ಆಗಿ ಎಷ್ಟೋ ವರ್ಷ ಆಯ್ತು."

"ಇಷ್ಟ್ ವರ್ಷ ನೀನು ನನ್ ಬೆನ್ನ ಹಿಂದೆ ಇದ್ದೆ ಕಣೆ. ತಳ್ತಾ ತಳ್ತಾ ಮಾತಾಡ್ತಿದ್ದೆ. ಮುಖ ಎಲ್ಲಿ ಕಾಣ್ತಿತ್ತು?"

ಏರು ಮುಗಿದಿದ್ದರೂ ಗೇರು ಬದಲಿಸುವುದು ಮರೆತಿದ್ದೆ.

ಚಿಕ್ಕಮ್ಮನ ಮನೆ ನೆಲಮಟ್ಟದ್ದು, ಮೆಟ್ಟಿಲಿಲ್ಲ. ಸಂಜೆ ಬೀದಿಯ ಹೆಂಗಸರೆಲ್ಲ ಅವಳ ಬಾಗಿಲಲ್ಲಿ ಕೂತು ಹೂ ಕಟ್ಟುತ್ತಾರೆ. ಅವ್ವ ಶಾಲೆಯಲ್ಲಿ ಆಯಾ ಆಗುವ ಮುಂಚೆ ಮಾಡುತ್ತಿದ್ದ ಕೆಲಸವೇ ಅದು. ದಾರ ಕೈಗೆ ಬಂದದ್ದೇ ತಡ, ಬೆರಳು ಓಡತೊಡಗಿತು. ಹೊರಡೋಣವಾ ಎಂದೆ.

"ಮಾರಿ ಒಬ್ಳೇ ಇರ್ತಾಳೆ. ನಾನು ಸ್ವಲ್ಪ ದಿನ ಇಲ್ಲೇ ಇರ್ತೀನಿ. ನೀನು ಹೋಗು."

"ಸ್ನಾನಕ್ಕೆ?"

"ಬೆಳಿಗ್ಗೆ ಸಹಾಯಕ್ಕೆ ಒಬ್ರು ಬರ್ತಾರೆ, ಮಾರಿ ಮಾತಾಡವ್ಳೆ."

ಅಂದರೆ ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದಾರೆ. ಖಾಲಿ ಟ್ರೇಲರ್ ಎಳೆದುಕೊಂಡು ಬಂದೆ. ಹಳ್ಳ ಸಿಕ್ಕಿದಾಗಲೆಲ್ಲ ಅದು ಗಡಗಡ ಸದ್ದು ಮಾಡುತ್ತಿತ್ತು. ಇಷ್ಟು ದಿನ ತಮ್ಮನ ಮೇಲಿದ್ದ ಉರಿ ಈಗ ಚಿಕ್ಕಮ್ಮನ ಮೇಲೆ.

ಜೂನ್ 11, ಬುಧವಾರ

ಅವ್ವನ ಬೆನ್ನಿಗೆ ಎಣ್ಣೆ ಹಚ್ಚುವುದು ಚಿಕ್ಕಮ್ಮನಿಗೆ ಬರುತ್ತದೋ ಇಲ್ಲವೋ. ಫೋನ್ ಮಾಡಿದೆ. "ಹೂವಿನ ಆರ್ಡರ್ ಇದೆ, ಆಮೇಲ್ ಮಾತಾಡ್ತೀನಿ" ಎಂದಳು ಅವ್ವ.

ಜೂನ್ 15, ಭಾನುವಾರ

ಯುವರಾಜನ ಜೊತೆ ಜಗಳವಾಯಿತು. ಅವನು ಬಂದಾಗ ಮನೆಯಲ್ಲಿ ಅವ್ವ ಇಲ್ಲ. ಒಂದು ವಾರದಿಂದ ಇಲ್ಲ ಎಂದು ಅವನಿಗೆ ಗೊತ್ತಾದದ್ದು ಇವತ್ತು.

"ಬೇಕಂತ್ಲೇ ಮಾಡ್ದೆ ಅಲ್ವಾ? ನಮ್ಮನೆಗ್ ಬಂದ್ಬಿಡ್ತಾಳೆ ಅಂತ ಅಲ್ಲಿ ಬಿಟ್ ಬಂದಿದೀಯ."

"ನಾನ್ ಬಿಟ್ ಬಂದಿಲ್ಲ. ಅವಳೇ ಇರ್ತೀನಿ ಅಂದ್ಳು."

"ಅದಕ್ಕೇ ಆ ಕೊಕ್ಕೆ ಹಾಕಿಸ್ದೆ. ನನ್ ಕಾರಿನ ಅಗತ್ಯ ಬೀಳಬಾರ್ದು ಅಂತ."

ಅವನು ಜಗಲಿಯ ಮೇಲೆ ಕೂತ. ದನಿ ಇಳಿಯಿತು.

"ನಂಗೇನ್ ಸಿಕ್ಕಿತ್ತು ಹೇಳು ಅಕ್ಕಾ. ಭಾನುವಾರ ಒಂದು. ಬಂದ್ರೆ ನೀವಿಬ್ರೂ ಯಾವ್ದೋ ಮಾತಿಗೆ ನಗ್ತಾ ಇರ್ತಿದ್ರಿ. ಏನು ಅಂತ ಕೇಳಿದ್ರೆ ಏನಿಲ್ಲ ಅಂತಿದ್ರಿ. ಅವ್ವಂಗೆ ಯಾವ ಮಾತ್ರೆ, ಯಾವ್ ಮಗ್ಗುಲಿಗೆ ಮಲಗ್ತಾಳೆ, ಒಂದೂ ಗೊತ್ತಿಲ್ಲ ನಂಗೆ. ಒಂದು ಚೇರ್ ಕೊಡ್ಸೋಣ ಅಂತ ಎರಡ್ ವರ್ಷದಿಂದ ಅಂದ್ಕೊಂಡು ಕೊಡ್ಸಿದ್ದು."

ನನ್ನನ್ನು ನೋಡಿ ಹೊಟ್ಟೆ ಉರಿದುಕೊಳ್ಳುವವನೂ ಒಬ್ಬನಿದ್ದ. ಸಂತೋಷವಾಗಬೇಕಿತ್ತು.

ಜೂನ್ 22, ಭಾನುವಾರ

ಅವ್ವನನ್ನು ಕರೆತರಲು ಟ್ರೇಲರ್ ಕಟ್ಟಿಕೊಂಡು ಇಟ್ಟಮಡುವಿಗೆ ಹೋದರೆ, ಚಿಕ್ಕಮ್ಮನ ಬಾಗಿಲಲ್ಲಿ ಯುವರಾಜನ ಕಾರು ನಿಂತಿತ್ತು. ಅವನೂ ಅದಕ್ಕೇ ಬಂದಿದ್ದ. ಅವ್ವ ಮಲ್ಲಿಗೆ ರಾಶಿಯ ಮುಂದೆ ಗಾಡಿಯಲ್ಲಿ ಕೂತು, ಒಮ್ಮೆ ನನ್ನನ್ನೂ ಒಮ್ಮೆ ಅವನನ್ನೂ 'ಇವೆರಡಕ್ಕೂ ಏನಾಗಿದೆ' ಎನ್ನುವಂತೆ ನೋಡಿದಳು.

"ನಾನು ಸದ್ಯಕ್ಕೆ ಯಾರ್ ಮನೆಗೂ ಬರಲ್ಲ. ಇಲ್ಲೇ ಚೆನ್ನಾಗಿದೆ. ಬೇಕಾದಾಗ ನಾನೇ ಹೇಳಿ ಕಳಿಸ್ತೀನಿ. ನೀವಿಬ್ರೂ ಹೋಗಿ ಏನಾದ್ರೂ ತಿನ್ನಿ. ಮುಖ ನೋಡಕ್ಕಾಗಲ್ಲ."

ಚಿಕ್ಕಮ್ಮ ನಕ್ಕಳು. ನಾವಿಬ್ಬರೂ ಬೀದಿಗೆ ಬಂದು ಏನು ಮಾಡಬೇಕೆಂದು ತೋಚದೆ ನಿಂತೆವು. ಆಗ ಅವನ ಕಾರಿನ ಹಿಂದೆ ಒಂದು ಕರಿಯ ರಬ್ಬರ್ ಮುಚ್ಚಳ ಕಂಡೆ, ಬಂಪರಿನ ಕೆಳಗೆ, ನಡುವೆ.

"ಏನಿದು?"

ಅವನು ಬೇರೆಲ್ಲೋ ನೋಡಿದ. "ಕೊಕ್ಕೆ."

"ಯಾವಾಗ್ ಹಾಕಿಸ್ದೆ?"

"ಹೋದ ವಾರ. ಕಳಚೋದು. ಗುಂಡು ಡಿಕ್ಕೀಲಿ ಮುಚ್ಚಿಟ್ಟಿದೀನಿ, ನಿಂಗ್ ಕಾಣ್ಬಾರ್ದು ಅಂತ."

"ನಿನ್ ಡಿಕ್ಕೀಲೇ ಗಾಡಿ ಹಿಡಿಯುತ್ತಲ್ಲೋ. ನಿಂಗ್ಯಾಕೆ?"

"ನಿನ್ನತ್ರ ಇದೆಯಲ್ಲ ಅಂತ."

ಮೊದಲು ನಕ್ಕಿದ್ದು ನಾನೋ ಅವನೋ ಗೊತ್ತಿಲ್ಲ. ಎರಡು ಕಾರು, ಎರಡು ಕೊಕ್ಕೆ, ಅವ್ವ ಒಳಗೆ ಮಲ್ಲಿಗೆ ಕಟ್ಟುತ್ತಿದ್ದಾಳೆ. ದರ್ಶಿನಿಯಲ್ಲಿ ನಿಂತುಕೊಂಡು ಖಾಲಿ ದೋಸೆ ತಿಂದೆವು. ಅವ್ವ ಯಾವ ಮಗ್ಗುಲಿಗೆ ಮಲಗುತ್ತಾಳೆ ಎಂದು ಹೇಳಿದೆ. ಎಡ ಮಗ್ಗುಲು, ಮಂಡಿಗಳ ನಡುವೆ ದಿಂಬು. ಮಾತ್ರೆಗಳ ಹೆಸರನ್ನೂ ಹೇಳಿದೆ. ಅವನು ಫೋನಿನಲ್ಲಿ ಬರೆದುಕೊಂಡ. ಬರೆದುಕೊಳ್ಳುವಾಗ ಚಿಕ್ಕವನಿದ್ದಾಗಿನ ಹಾಗೆ ನಾಲಿಗೆ ತುದಿ ಹೊರಗಿತ್ತು.

ಜೂನ್ 28, ಶನಿವಾರ

ಮಧ್ಯಾಹ್ನ ಮಲಗಿದವಳಿಗೆ ಎಚ್ಚರವಾದದ್ದು ಕತ್ತಲಾದ ಮೇಲೆ.

ಜುಲೈ 6, ಭಾನುವಾರ

ಬೆಳಿಗ್ಗೆ ಅವ್ವನೇ ಫೋನ್ ಮಾಡಿದಳು. "ಇವತ್ತು ಬಾ."

"ಕರ್ಕೊಂಡ್ ಬರಕ್ಕಾ? ಟ್ರೇಲರ್ ಸಿಕ್ಕಿಸ್ಕೊಂಡು ಬರ್ತೀನಿ ತಡಿ."

"ಅದನ್ನ ಕಟ್ಕೊಂಡು ಬರಬೇಡ. ಬರೀ ನೀನ್ ಬಾ."

ಟ್ರೇಲರನ್ನು ಗೇಟಿನೊಳಗೇ ಬಿಟ್ಟು ಹೊರಟೆ. ಇಟ್ಟಮಡುವಿನ ಏರನ್ನು ಕಾರು ಎಷ್ಟು ಹಗುರವಾಗಿ ಹತ್ತಿತೆಂದರೆ ಚಿಕ್ಕಮ್ಮನ ಬೀದಿ ದಾಟಿ ಮುಂದೆ ಹೋಗಿಬಿಟ್ಟಿದ್ದೆ.

ಚಿಕ್ಕಮ್ಮ ಯಾರದೋ ನಾಮಕರಣಕ್ಕೆ ಹೋಗಿದ್ದಳು. ಅವ್ವ ಒಬ್ಬಳೇ ಇದ್ದಳು. ನಾನು ಒಳಗೆ ಹೋಗುತ್ತಲೇ ಅವಳ ದಿಂಬು ಸರಿಮಾಡಿದೆ, ಕಿಟಕಿ ತೆಗೆದೆ, ಮಾತ್ರೆ ಡಬ್ಬಿ ತೆಗೆದು ನೋಡತೊಡಗಿದೆ. ಅವ್ವ ನೋಡುವಷ್ಟು ನೋಡಿ, "ಕೂತ್ಕೋ" ಎಂದಳು. ಕೂತೆ.

"ಊಟ ಮಾಡ್ದಾ ಅಂತ ನೀನು ಕೇಳೋದು, ಮಾಡ್ದೆ ಅಂತ ನಾನು ಹೇಳೋದು. ಆಪರೇಷನ್ ಆದಾಗಿಂದ ಅದೇ ಆಯ್ತು. ಇವತ್ತು ನಾನ್ ಕೇಳ್ತೀನಿ. ಊಟ ಮಾಡ್ದಾ?"

ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಇಲ್ಲ ಎಂದೆ.

ಅವ್ವ ಕಡ್ಡಿ ತಿರುಗಿಸಿದಳು. ಗಾಡಿ ಅಡುಗೆಮನೆಗೆ ಹೋಯಿತು. ಪಾತ್ರೆಯ ಮುಚ್ಚಳದ ಸದ್ದು, ಸೌಟಿನ ಸದ್ದು ಕೇಳಿತು. ಎದ್ದು ಹೋಗಬೇಕೆಂದು ಕಾಲು ತವಕಿಸಿತು. ಸ್ವಲ್ಪ ಹೊತ್ತಿಗೆ ಅವ್ವ ತೊಡೆಯ ಮೇಲೆ ಟವೆಲ್ ಹಾಸಿ, ಅದರ ಮೇಲೆ ತಟ್ಟೆ ಇಟ್ಟು, ಎಡಗೈಯಲ್ಲಿ ತಟ್ಟೆ ಹಿಡಿದು, ಬಲಗೈಯಲ್ಲಿ ಗಾಡಿ ನಡೆಸಿಕೊಂಡು ನಿಧಾನವಾಗಿ ಬಂದಳು. ಮುದ್ದೆ, ಕೋಳಿ ಸಾರು. ಹೊಸ್ತಿಲ ಬಳಿ ಸಾರು ಸ್ವಲ್ಪ ಚೆಲ್ಲಿತು.

ಅವಳು ಎದುರಿಗೇ ಕೂತು ನಾನು ತಿನ್ನುವುದನ್ನು ನೋಡಿದಳು. ವಾರವೆಲ್ಲ ಏನು ಮಾಡಿದೆ ಎಂದು ಕೇಳಿದಳು. ಶನಿವಾರ ಮಧ್ಯಾಹ್ನ ನಿದ್ದೆ ಮಾಡುತ್ತೇನೆ ಎಂದೆ. ಒಳ್ಳೇದು ಎಂದಳು. ಯುವರಾಜ ಸಂಜೆ ಬರುತ್ತಾನಂತೆ, ಬರಲಿ, ಸಾರು ಬೇಕಾದಷ್ಟಿದೆ.

ತಟ್ಟೆ ಖಾಲಿಯಾಯಿತು. ಅವ್ವ ಕೈ ಚಾಚಿ ತಟ್ಟೆ ತೆಗೆದುಕೊಂಡು ಇನ್ನೊಂದು ಸಲ ಬಡಿಸಿ ತರಲು ಹೊರಟಳು. ನಾನು ಏಳಲಿಲ್ಲ.